ವ್ಯಾಪಾರಕ್ಕೆ ಒದಗುವ ಬೀಜಗಣಿತ: ಬೀಜೋಕ್ತಿಗಳ ಸಂಕ್ಷೇಪಣ ಮತ್ತು ಸರಳ ಸಮೀಕರಣ

ಕಡಬ ತಾಲೂಕಿನ ಆಲಂಕಾರು ಹಾಗೂ ಸುತ್ತಲಿನ ಗ್ರಾಮಗಳ ವ್ಯವಹಾರವು ಬಹುಪಾಲು ಅಡಿಕೆ, ರಬ್ಬರ್, ತೆಂಗು ಮತ್ತು ಕಾಳುಮೆಣಸನ್ನು ಅವಲಂಬಿಸಿದೆ. ಇಲ್ಲಿನ ವರ್ತಕರು ಮನಸ್ಸಿನಲ್ಲಿಯೇ ಗುಣಾಕಾರ, ಭಾಗಾಕಾರ ಮಾಡುವುದರಲ್ಲಿ ನಿಪುಣರು. ಆದರೆ ಚೀಲದ ತೂಕ, ಸಾಗಾಟ, ಕೂಲಿ, ತೇವಾಂಶ ಇವೆಲ್ಲವೂ ಒಂದೇ ಲೆಕ್ಕದಲ್ಲಿ ಸೇರಿದಾಗ ಬಾಯಿಲೆಕ್ಕ ಎಡವುವ ಸಂಭವ ಹೆಚ್ಚು. ಅಂತಹ ಸಂದರ್ಭದಲ್ಲಿ ಶಾಲೆಯಲ್ಲಿ ಕಲಿತು ಮರೆತ ಬೀಜಗಣಿತವು ನೆರವಿಗೆ ಬರುತ್ತದೆ.

ವ್ಯಾಪಾರಕ್ಕೂ ಗಣಿತಕ್ಕೂ ಇರುವ ನಂಟು ಕನ್ನಡ ನಾಡಿಗೆ ಹೊಸತಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ, ಪಾಲು ಮೊದಲಾದ ಲೆಕ್ಕಗಳನ್ನು ವಿವರಿಸಿದ್ದಾನೆ. 12ನೇ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು. ತಿಳಿಯದ ಮೊತ್ತವನ್ನು ಪ್ರಾಚೀನರು 'ಯಾವತ್ತಾವತ್' ಎಂದು ಕರೆಯುತ್ತಿದ್ದರು. ಅದೇ ಮಾತಿನ ಮೊದಲಕ್ಷರದಂತೆ ಇಲ್ಲಿಯೂ ತಿಳಿಯದ ಮೊತ್ತವನ್ನು 'ಯ' ಎಂದು ಗುರುತಿಸಲಾಗಿದೆ.

ಸಂಕ್ಷೇಪಣದ ನಿಯಮಗಳು

1. ಸಜಾತಿ ಪದಗಳನ್ನು ಮಾತ್ರ ಕೂಡಿಸಬೇಕು ಅಥವಾ ಕಳೆಯಬೇಕು. 20ಯ − 2ಯ = 18ಯ. ಆದರೆ 18ಯ ಮತ್ತು 700 ವಿಜಾತಿ ಪದಗಳು. ಚಾಲಿ ಅಡಿಕೆಯನ್ನೂ ಕಾಳುಮೆಣಸನ್ನೂ ಒಂದೇ ರಾಶಿಯಲ್ಲಿ ಎಣಿಸಲಾಗದಂತೆ ಇವನ್ನೂ ಬೆರೆಸಲಾಗದು.

2. ಆವರಣದ ಹೊರಗಿನ ಸಂಖ್ಯೆಯು ಒಳಗಿನ ಪ್ರತಿಯೊಂದು ಪದವನ್ನೂ ಗುಣಿಸುತ್ತದೆ. 20(ಯ − 15) = 20ಯ − 300.

3. ಆವರಣದ ಮುಂದೆ ಋಣ ಚಿಹ್ನೆಯಿದ್ದರೆ, ಬಿಡಿಸುವಾಗ ಒಳಗಿನ ಎಲ್ಲ ಚಿಹ್ನೆಗಳೂ ಬದಲಾಗುತ್ತವೆ. −(2ಯ + 700) = −2ಯ − 700.

ಒಂದು ಖರೀದಿಯ ಲೆಕ್ಕ

ವರ್ತಕರೊಬ್ಬರು 15 ಚೀಲ ಚಾಲಿ ಅಡಿಕೆಯನ್ನು ಕಿಲೋಗೆ 400 ರೂ.ಗೆ ಕೊಂಡು 420 ರೂ.ಗೆ ಮಾರುತ್ತಾರೆಂದು ಭಾವಿಸೋಣ. (ಈ ಲೇಖನದ ದರಗಳೆಲ್ಲವೂ ಉದಾಹರಣೆಗಾಗಿ ಮಾತ್ರ.) ಚೀಲ ಸೇರಿದ ಒಟ್ಟು ತೂಕ 'ಯ' ಕಿಲೋ, ಚೀಲವೊಂದರ ತೂಕ 1 ಕಿಲೋ. ಸಾಗಾಟವು ಒಟ್ಟು ತೂಕದ ಮೇಲೆ ಕಿಲೋಗೆ 2 ರೂ.; ಏರಿಸಿ ಇಳಿಸುವ ಕೂಲಿ 700 ರೂ.

ಲಾಭ = 420(ಯ − 15) − 400(ಯ − 15) − (2ಯ + 700)
= 20(ಯ − 15) − (2ಯ + 700)
= 20ಯ − 300 − 2ಯ − 700
= 18ಯ − 1,000

ನಾಲ್ಕು ಬಾಬ್ತಿನ ಲೆಕ್ಕವು ಎರಡೇ ಪದಗಳಿಗೆ ಇಳಿಯಿತು. ಇನ್ನು 17,000 ರೂ. ಲಾಭ ಬರಬೇಕಾದರೆ ಎಷ್ಟು ತೂಕ ಬೇಕು?

18ಯ − 1,000 = 17,000
18ಯ = 18,000
ಯ = 1,000 ಕಿಲೋ

ಸಮೀಕರಣವು ತಕ್ಕಡಿಯಿದ್ದಂತೆ. ಒಂದು ತಟ್ಟೆಗೆ ಮಾಡಿದ್ದನ್ನೇ ಇನ್ನೊಂದು ತಟ್ಟೆಗೂ ಮಾಡಿದರೆ ಸಮತೋಲ ಕೆಡದು. ಇಲ್ಲಿ ಮೊದಲು ಎರಡೂ ಬದಿಗೆ 1,000 ಕೂಡಿಸಿ, ಬಳಿಕ ಎರಡೂ ಬದಿಯನ್ನು 18ರಿಂದ ಭಾಗಿಸಲಾಗಿದೆ.

ತಾಳೆ ನೋಡಿದರೆ: ನಿವ್ವಳ ಅಡಿಕೆ 985 ಕಿಲೋ; ದರದ ಅಂತರದಿಂದ 19,700 ರೂ.; ಅದರಲ್ಲಿ 2,000 ಮತ್ತು 700 ಕಳೆದರೆ 17,000 ರೂ. ಮೂರನೆಯ ನಿಯಮವನ್ನು ಮರೆತು 700ನ್ನು ಕಳೆಯುವ ಬದಲು ಕೂಡಿಸಿದರೆ ಕಾಗದದಲ್ಲಿ 18,400 ರೂ. ಲಾಭ ಕಾಣುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ 1,400 ರೂ. ಕಡಿಮೆಯಿರುತ್ತದೆ.

ತೇವಾಂಶದ ಪೆಟ್ಟು

ಮಳೆ ಹೆಚ್ಚಿರುವ ಈ ಪ್ರದೇಶದಲ್ಲಿ ತೇವಾಂಶವೇ ಲಾಭವನ್ನು ನುಂಗುವುದುಂಟು. ಶೇ. 12 ತೇವಾಂಶವಿರುವ 100 ಕಿಲೋ ಅಡಿಕೆಯನ್ನು ಶೇ. 7ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? 12ರಲ್ಲಿ 7 ಕಳೆದು 95 ಕಿಲೋ ಎನ್ನುವುದು ಸಾಮಾನ್ಯ ಊಹೆ. ಆದರೆ ಒಣಗಿದಾಗ ಹೋಗುವುದು ನೀರು ಮಾತ್ರ; 88 ಕಿಲೋ ಘನಾಂಶವು ಹಾಗೆಯೇ ಇರುತ್ತದೆ. ಹೊಸ ತೂಕದಲ್ಲಿ ಅದು ಶೇ. 93 ಆಗಿರಬೇಕು.

93ಯ ÷ 100 = 88
93ಯ = 8,800
ಯ = 94.62 ಕಿಲೋ

ಕಿಲೋಗೆ 400 ರೂ.ನಂತೆ ಕೊಟ್ಟ 40,000 ರೂ.ಗಳನ್ನು 94.62ರಿಂದ ಭಾಗಿಸಿದರೆ ಒಣ ಸರಕಿನ ನಿಜವಾದ ಅಸಲು ಕಿಲೋಗೆ ಸುಮಾರು 422.70 ರೂ. ಅಂದರೆ 20 ರೂ. ಲಾಭವೆಂದು ತೋರಿದ ವ್ಯವಹಾರವು ಸಾಗಾಟಕ್ಕೂ ಮೊದಲೇ ನಷ್ಟದಲ್ಲಿದೆ. ಒಣ ಅಡಿಕೆಯ ಅಸಲು 400 ರೂ. ಮೀರಬಾರದೆಂದಿದ್ದರೆ, ತೇವದ ಸರಕಿಗೆ ಕೊಡಬಹುದಾದ ದರವನ್ನೂ ಸಮೀಕರಣವೇ ಹೇಳುತ್ತದೆ:

100ಯ = 94.62 × 400
ಯ = 378.48 ರೂ.

ಬೆಳೆಗಾರರಿಗೆ ಈ ಲೆಕ್ಕವನ್ನು ಬರೆದು ತೋರಿಸಿದರೆ ದರ ಕಡಿತದ ಬಗೆಗಿನ ಅನುಮಾನವೂ ದೂರವಾಗುತ್ತದೆ. ನಂಬಿಕೆಯೇ ಮೂಲ ಬಂಡವಾಳವಾಗಿರುವ ಗ್ರಾಮೀಣ ವ್ಯಾಪಾರದಲ್ಲಿ ಇದು ಸಣ್ಣ ಲಾಭವಲ್ಲ.

ಅಭ್ಯಾಸಕ್ಕೆ

1. ಶೇ. 5 ತೆರಿಗೆ ಸೇರಿ ಬಿಲ್ಲಿನ ಮೊತ್ತ 1,05,000 ರೂ. ತೆರಿಗೆ ಬಿಟ್ಟು ಸರಕಿನ ಬೆಲೆಯೆಷ್ಟು?

2. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕವೊಂದರ ತಿಂಗಳ ಸ್ಥಿರ ವೆಚ್ಚ 24,000 ರೂ. ತಟ್ಟೆಯೊಂದಕ್ಕೆ ತಗಲುವ ವೆಚ್ಚ 2.50 ರೂ., ಮಾರಾಟ ದರ 4 ರೂ. ನಷ್ಟವಾಗದಿರಲು ಎಷ್ಟು ತಟ್ಟೆ ಮಾರಬೇಕು? ತಯಾರಾದುದರಲ್ಲಿ ಶೇ. 4 ಒಡೆದು ಹಾಳಾದರೆ ಎಷ್ಟು ತಯಾರಿಸಬೇಕು?

ಉತ್ತರಗಳು

1. ಯ + 5ಯ ÷ 100 = 1,05,000; ಯ = 1,00,000 ರೂ. ಒಟ್ಟು ಮೊತ್ತದಲ್ಲಿಯೇ ಶೇ. 5 ಕಳೆದರೆ 99,750 ಬರುತ್ತದೆ, ಅದು ತಪ್ಪು.

2. 4ಯ = 2.5ಯ + 24,000; ಯ = 16,000 ತಟ್ಟೆಗಳು. ಒಡೆಯುವುದನ್ನು ಸೇರಿಸಿದರೆ 3.84ಯ = 2.5ಯ + 24,000, 1.34ಯ = 24,000; ಯ = 17,911 ತಟ್ಟೆಗಳು. ನೂರಕ್ಕೆ ನಾಲ್ಕು ಒಡೆದರೂ ಸುಮಾರು 1,900 ತಟ್ಟೆಗಳನ್ನು ಹೆಚ್ಚುವರಿಯಾಗಿ ತಯಾರಿಸಬೇಕಾಗುತ್ತದೆ.