ಆರೋಗ್ಯ ಪ್ರಶ್ನೋತ್ತರ: ಬರೀ ರಾಡಿನಿಂದ ಶುರುಮಾಡಿ

ಪ್ರಶ್ನೆ: ನನಗೆ 21 ವರ್ಷ, ತೂಕ 60 ಕೆ.ಜಿ. ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದೇನೆ. ಮೊದಲು ಗರಡಿಮನೆಯಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದೆ. ಈಗ ಜಿಮ್ ಸೇರಿ ರಾಡ್ ಎತ್ತಬೇಕೆಂದಿದ್ದೇನೆ. ಗೆಳೆಯ 80 ಕೆ.ಜಿ. ಹೊತ್ತು ಸ್ಕ್ವಾಟ್ ಮಾಡುತ್ತಾನೆ. ‘ಭಾರ ಎತ್ತಿದರ ಸೊಂಟ ಹೋಗತೈತಿ, ಎತ್ತರ ಬೆಳೆಯೂದಿಲ್ಲ’ ಅಂತ ಅಪ್ಪ ಬೇಡ ಅನ್ನುತ್ತಾರೆ. ಎಷ್ಟು ಭಾರದಿಂದ ಶುರುಮಾಡಲಿ? ಪ್ರೋಟೀನ್ ಪೌಡರ್ ತಗೊಳ್ಳಲೇಬೇಕೇ?
– ಹೆಸರು ಬೇಡ, ನಾಗನೂರ

ಉತ್ತರ: ಭಾರ ಎತ್ತುವುದರಿಂದ ಎತ್ತರ ಕುಗ್ಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ವಯಸ್ಸಿನಲ್ಲಿ ಎಲುಬಿನ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಸೊಂಟದ ಬಗ್ಗೆ ಅಪ್ಪ ಹೇಳಿದ್ದನ್ನು ಮಾತ್ರ ತಳ್ಳಿಹಾಕಬೇಡಿ. ತಮ್ಮ ಶಕ್ತಿಗೆ ಮೀರಿದ್ದನ್ನು ಬೆನ್ನು ಬಗ್ಗಿಸಿ ಎತ್ತಿ, ವಾರಗಟ್ಟಲೆ ಹಾಸಿಗೆ ಹಿಡಿದ ಹುಡುಗರನ್ನು ನಾವು ವೈದ್ಯರು ನೋಡುತ್ತಲೇ ಇರುತ್ತೇವೆ. ಅವರಲ್ಲಿ ಹೆಚ್ಚಿನವರು ಎಡವುವುದು ಮೊದಲ ತಿಂಗಳಲ್ಲಿ, ಪಕ್ಕದವನನ್ನು ನೋಡಿ ಪ್ಲೇಟ್ ಏರಿಸುವಾಗ.

ಗೆಳೆಯನ 80 ಕೆ.ಜಿ. ಲೆಕ್ಕ ನಿಮಗೆ ಬೇಡ. ಸ್ಪರ್ಧೆಗಳಲ್ಲಿ ಬಳಸುವ ಉದ್ದನೆಯ ರಾಡ್ ಒಂದೇ 20 ಕೆ.ಜಿ. ತೂಗುತ್ತದೆ, ಹೆಂಗಸರದು 15. ನಮ್ಮ ಕಡೆಯ ಸಣ್ಣ ಜಿಮ್‌ಗಳಲ್ಲಿ ಹಗುರವಾದ ರಾಡುಗಳೂ ಇರುತ್ತವೆ, ಆದ್ದರಿಂದ ಮೊದಲು ತಕ್ಕಡಿಗೆ ಹಾಕಿ ತೂಕ ತಿಳಿದುಕೊಳ್ಳಿ. ಮೊದಲೆರಡು ವಾರ ಪ್ಲೇಟ್ ಬೇಡವೇ ಬೇಡ, ಬರೀ ರಾಡಿನಲ್ಲೇ ಸ್ಕ್ವಾಟ್, ಬೆಂಚ್ ಪ್ರೆಸ್, ತಲೆಯ ಮೇಲೆತ್ತುವ ಪ್ರೆಸ್ ಕಲಿಯಿರಿ. ಆಮೇಲೆ ಸೋಮವಾರ, ಬುಧವಾರ, ಶುಕ್ರವಾರ ಮೂರೇ ದಿನ. ಒಂದು ದಿನ ಸ್ಕ್ವಾಟ್, ಬೆಂಚ್ ಮತ್ತು ಬಗ್ಗಿ ರಾಡನ್ನು ಹೊಟ್ಟೆಯ ಕಡೆಗೆ ಎಳೆಯುವ ರೋ. ಮರುಸರದಿಯಲ್ಲಿ ಸ್ಕ್ವಾಟ್, ಪ್ರೆಸ್, ರಾಡನ್ನು ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್. ಐದೈದು ಸಲದಂತೆ ಮೂರು ಸೆಟ್ ಸಾಕು, ಡೆಡ್‌ಲಿಫ್ಟ್ ಒಂದೇ ಸೆಟ್. ಐದೂ ಸಲ ಬೆನ್ನು ಕದಲದೆ ಬಂದರೆ ಮುಂದಿನ ಸಲ ಒಟ್ಟು ಎರಡೂವರೆ ಕೆ.ಜಿ. ಏರಿಸಿ. ಒಂದೇ ಭಾರದಲ್ಲಿ ಮೂರು ಸರದಿ ಸೋತರೆ ಹತ್ತರಲ್ಲಿ ಒಂದು ಪಾಲು ಇಳಿಸಿ ಮತ್ತೆ ಹತ್ತಿ. ಮೊದಲ ಆರೆಂಟು ವಾರ ಬಲ ಬೇಗ ಬೇಗ ಏರಿದಂತೆ ಅನ್ನಿಸುತ್ತದೆ. ಅದರಲ್ಲಿ ಸ್ನಾಯು ಬೆಳೆದಿದ್ದಕ್ಕಿಂತ, ಇದ್ದ ಸ್ನಾಯುವನ್ನು ಒಟ್ಟಿಗೆ ದುಡಿಸಲು ನರಗಳು ಕಲಿತದ್ದೇ ಹೆಚ್ಚು. ಎಲುಬಿಗೂ ಸ್ನಾಯುರಜ್ಜುವಿಗೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ನಿಧಾನಕ್ಕೆ ಏರಿಸಿ ಎನ್ನುವುದು ಇದಕ್ಕೇ.

ಡೆಡ್‌ಲಿಫ್ಟ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ ಸುಮಾರು 22 ಸೆಂ.ಮೀ. ಮೇಲಿರುತ್ತದೆ. ಐದು ಕೆ.ಜಿ.ಯ ಸಣ್ಣ ಕಬ್ಬಿಣದ ಪ್ಲೇಟ್ ಹಾಕಿದರೆ ರಾಡ್ ಪಾದದ ಹತ್ತಿರಕ್ಕೆ ಇಳಿಯುತ್ತದೆ. ಅದನ್ನು ಹಿಡಿಯಲು ಹೋದವನ ಬೆನ್ನು ತಾನಾಗಿಯೇ ಕಮಾನಾಗುತ್ತದೆ. ಎರಡೂ ಕಡೆ ಪ್ಲೇಟಿನ ಕೆಳಗೆ ಸಮ ಎತ್ತರದ ಮರದ ದಿಮ್ಮಿ ಇಟ್ಟು ಅದನ್ನು ಮೇಲಕ್ಕೆ ತನ್ನಿ. ರಾಡ್ ಪಾದದ ನಡುಭಾಗದ ಮೇಲಿರಲಿ, ಮೊಣಕಾಲಿನ ಕೆಳಗಿನ ಎಲುಬಿಗೆ ತಾಗಿಕೊಂಡೇ ಮೇಲೆ ಬರಲಿ. ಹೊಟ್ಟೆ ತುಂಬ ಉಸಿರು ಹಿಡಿದು ಕಾಲಿನಿಂದ ನೆಲವನ್ನು ಒತ್ತಿ ಏಳಿ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಸಿ ನೋಡಿ. ಬೆನ್ನು ಬಗ್ಗಿದೆಯೋ ಇಲ್ಲವೋ ಕನ್ನಡಿಗಿಂತ ಅದರಲ್ಲೇ ಚೆನ್ನಾಗಿ ಕಾಣುತ್ತದೆ. ಬೆಂಚ್ ಪ್ರೆಸ್ ಮಾತ್ರ ಒಬ್ಬರೇ ಇದ್ದಾಗ ಮಾಡಬೇಡಿ. ರಾಡ್ ಎದೆಯ ಮೇಲೋ ಕುತ್ತಿಗೆಯ ಮೇಲೋ ಬಿದ್ದರೆ ಎತ್ತಲು ಯಾರಾದರೂ ತಲೆಯ ಹತ್ತಿರ ನಿಂತಿರಬೇಕು.

ಗರಡಿಯ ಬಸ್ಕಿ ವ್ಯರ್ಥವಾಗಿಲ್ಲ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿಯವರು ಕುಸ್ತಿಯಿಂದಲೇ ವೇಟ್‌ಲಿಫ್ಟಿಂಗ್‌ಗೆ ಬಂದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ, ಅಂದರೆ ನಿಮಗಿಂತ ಕಡಿಮೆ ಮೈತೂಕದಲ್ಲಿ, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಅದರ ಹಿಂದೆ ಇರುವುದು ವರ್ಷಗಟ್ಟಲೆ ಅಭ್ಯಾಸ. ಆದರೆ ಬಹಳ ದಿನ ಬಿಟ್ಟು ಒಮ್ಮೆಲೇ ಹಟಕ್ಕೆ ಬಿದ್ದು ನೂರಾರು ಬಸ್ಕಿ ಹೊಡೆಯಬೇಡಿ. ಸ್ನಾಯು ಒಡೆದು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಊಟದ ಮಾತು. ಮೈತೂಕದ ಒಂದು ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಗ್ರಾಂ ಪ್ರೋಟೀನ್ ಲೆಕ್ಕದಲ್ಲಿ ನಿಮಗೆ ದಿನಕ್ಕೆ 75ರಿಂದ 90 ಗ್ರಾಂ ಬೇಕು. ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ದೊಡ್ಡ ಮುಷ್ಟಿ ಶೇಂಗಾದಲ್ಲಿ 12, ಅಷ್ಟೇ ಹೆಸರುಕಾಳಿನಲ್ಲಿ ಮತ್ತೆ 12 ಗ್ರಾಂ ಸಿಗುತ್ತದೆ. ಉಳಿದದ್ದನ್ನು ಜೋಳದ ರೊಟ್ಟಿ, ಬೇಳೆ, ಮೊಸರು ತುಂಬುತ್ತವೆ. ಮೊಟ್ಟೆ ತಿನ್ನದವರು ಕಾಳು, ಸೋಯಾ, ಹಾಲು ಹೆಚ್ಚಿಸಲಿ. ಗೋಕಾಕದ ಕರದಂಟು ಪುಷ್ಟಿಯದೇ, ಆದರೆ ಅದರಲ್ಲಿ ಬೆಲ್ಲವೇ ಬಹಳ, ಒಂದು ತುಂಡು ಸಾಕು. ಪೌಡರ್ ಅಗತ್ಯವಿಲ್ಲ. ಜಿಮ್ಮಿನಲ್ಲಿ ಯಾರಾದರೂ ‘ತಾಕತ್ತಿನ ಇಂಜೆಕ್ಷನ್’ ಎಂದು ಕೊಡಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಬಿ.ಪಿ. ಏರಿಸುವ ಔಷಧವನ್ನೂ ಸ್ಟೀರಾಯ್ಡ್‌ಗಳನ್ನೂ ಹೀಗೆ ಚುಚ್ಚಿಸಿಕೊಂಡು ಹೃದಯ ಕೆಡಿಸಿಕೊಂಡ ಎಳೆಯರಿದ್ದಾರೆ. ನೌಕರಿಗಾಗಿ ಮೈ ಕಟ್ಟಲು ಹೋಗಿ ಜೀವವನ್ನೇ ಪಣಕ್ಕಿಡಬೇಡಿ.

ಪ್ರಶ್ನೆ: ಹಂಗಾಮಿನಲ್ಲಿ ದಿನವಿಡೀ ಕಬ್ಬಿನ ಹೊರೆ ಹೊತ್ತು ಏಣಿ ಹತ್ತಿ ಟ್ರ್ಯಾಕ್ಟರ್ ಟ್ರೇಲರ್‌ಗೆ ಹೇರುತ್ತೇನೆ. ವಯಸ್ಸು 34. ಸೊಂಟ ನೋವು ಶುರುವಾಗಿದೆ. ರಾಡ್ ಎತ್ತಿದರೆ ಸೊಂಟ ಗಟ್ಟಿಯಾಗುತ್ತದೆ ಎಂದು ತಮ್ಮ ಹೇಳುತ್ತಾನೆ. ನಿಜವೇ?
– ಕಬ್ಬಿನ ಗ್ಯಾಂಗಿನವ, ಹುಕ್ಕೇರಿ ತಾಲ್ಲೂಕು

ಉತ್ತರ: ನಿಜ, ಆದರೆ ಹಂಗಾಮಿನಲ್ಲಿ ಅಲ್ಲ. ವ್ಯಾಯಾಮದಲ್ಲಿ ಭಾರ ಎಷ್ಟು, ಎಷ್ಟು ಸಲ, ಯಾವಾಗ ವಿಶ್ರಾಂತಿ ಎಂಬುದೆಲ್ಲ ನಮ್ಮ ಕೈಯಲ್ಲಿರುತ್ತದೆ. ಹೊರೆ ಹೊರುವಾಗ ಅದು ಯಾವುದೂ ನಿಮ್ಮ ಕೈಯಲ್ಲಿಲ್ಲ. ಕತ್ತು ತಗ್ಗಿ, ಸೊಂಟ ತಿರುಚಿ, ದಣಿದ ಮೇಲೂ ಹತ್ತಲೇಬೇಕು. ಅದರ ಮೇಲೆ ಸಂಜೆ ರಾಡ್ ಬೇರೆ ಎತ್ತಿದರೆ ಮೈ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಂಗಾಮು ಮುಗಿದು ನೋವು ಇಳಿದ ಮೇಲೆ ಹಗುರ ಭಾರದಿಂದ ವಾರಕ್ಕೆರಡು ದಿನ ಮಾಡಿ, ಮುಂದಿನ ಹಂಗಾಮಿಗೆ ಬೆನ್ನು ಸಜ್ಜಾಗುತ್ತದೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿದರೆ ಕೂಡಲೇ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋಗುತ್ತಿದ್ದರೆ ಒಂದು ರಾತ್ರಿಯೂ ಕಾಯಬಾರದು. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡರೆ ಅದು ಹರ್ನಿಯಾ ಇರಬಹುದು, ಪರೀಕ್ಷೆಯಾಗುವ ತನಕ ಭಾರ ಮುಟ್ಟಬೇಡಿ.

ಪ್ರಶ್ನೆ: ನನಗೆ 48 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ, ಗುಳಿಗೆ ನುಂಗುತ್ತೇನೆ. ವಾಕಿಂಗ್ ಮಾಡುತ್ತೇನೆ. ಹೆಂಗಸರು ಭಾರ ಎತ್ತಬಹುದೇ ಎಂದು ಕೇಳಿದರೆ ಮನೆಯವರು ನಗುತ್ತಾರೆ.
– ಗೃಹಿಣಿ, ಮೂಡಲಗಿ

ಉತ್ತರ: ಎತ್ತಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಮೊದಲ ಪದಕ ತಂದದ್ದು ಭಾರ ಎತ್ತಿಯೇ. ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿದ್ದರು. ನಿಮಗೆ ಅಷ್ಟು ಬೇಡ. ವಾಕಿಂಗ್ ಬಿಡದೆ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಊಟದ ಸಕ್ಕರೆಯನ್ನು ಅತಿ ಹೆಚ್ಚು ಹೀರಿಕೊಳ್ಳುವುದು ಸ್ನಾಯುವೇ. ಮುಟ್ಟು ನಿಂತ ಮೇಲೆ ಎಲುಬು ಸವೆಯುವುದನ್ನೂ ಭಾರದ ವ್ಯಾಯಾಮ ತಡೆಹಿಡಿಯುತ್ತದೆ.

ಮೊದಲು ಬಿ.ಪಿ. ಹತೋಟಿಗೆ ಬರಲಿ; 160/100 ದಾಟಿದ್ದರೆ ಈಗ ಬೇಡ. ಕಣ್ಣಿನ ಪರದೆಯನ್ನು ತೋರಿಸಿಕೊಳ್ಳಿ. ಅಲ್ಲಿ ಸಕ್ಕರೆಯಿಂದ ರಕ್ತಸ್ರಾವದ ಅಪಾಯವಿದ್ದರೆ ಭಾರೀ ತೂಕ ಎತ್ತಬಾರದು. ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಹೊರಗೆ ಬಿಡಿ. ಕೆಲವು ಗುಳಿಗೆಗಳಿಂದ ಸಕ್ಕರೆ ಇಳಿದು ಬೆವರು, ನಡುಕ ಬರಬಹುದು. ಪರ್ಸಿನಲ್ಲಿ ಬೆಲ್ಲದ ತುಂಡಿರಲಿ. ಖುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲು ಸಾಧ್ಯವಾದ ಮೇಲೆ ಐದು ಕೆ.ಜಿ. ಡಂಬೆಲ್, ಅಲ್ಲಿಂದ ಹಗುರ ರಾಡ್. ಮನೆಯಲ್ಲಿ ಮಗಳಿದ್ದರೆ ಅವಳನ್ನೂ ಜೊತೆಗೆ ಕರೆದೊಯ್ಯಿರಿ. ಎಲುಬು ಗಟ್ಟಿಯಾಗುವುದು ಮೂವತ್ತರ ಆಸುಪಾಸಿನ ತನಕ ಮಾತ್ರ, ಆಮೇಲೆ ಇದ್ದದ್ದನ್ನು ಕಾಯ್ದುಕೊಳ್ಳುವುದಷ್ಟೇ.