ತೆರೆದ ಕಪಾಟು

ಗ್ರಂಥಪಾಲನೆಂದರೆ ಪುಸ್ತಕಗಳ ಕಾವಲುಗಾರನೆಂದೇ ತಿಳಿದಿದ್ದ ಕಾಲವೊಂದಿತ್ತು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ನೇಮಕಗೊಂಡ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. ಮೊದಮೊದಲು ಆ ಹುದ್ದೆ ಅವರಿಗೆ ರುಚಿಸಲೇ ಇಲ್ಲ. ಇಂಗ್ಲೆಂಡಿನಲ್ಲಿ ಅಧ್ಯಯನ ಮುಗಿಸಿ 1925ರಲ್ಲಿ ಮರಳಿದ ಬಳಿಕ, ಓದುಗನೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ಪುಸ್ತಕ ಕಳೆದೀತೆಂಬ ಭಯ ಸಹಜವೇ. ಆದರೆ 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬುದು. ನಾಲ್ಕನೆಯದು ಓದುಗನ ಸಮಯವನ್ನು ಉಳಿಸುವುದು.

ಈ ನಾಲ್ಕನೆಯ ಸೂತ್ರವು ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಲೇಖಕರಿಗೆ ಕಾವ್ಯನಾಮಗಳುಂಟು. ಸೂಚಿಪತ್ರದಲ್ಲಿ 'ಪುಟ್ಟಪ್ಪ' ಎಂದು ಮಾತ್ರ ಬರೆದಿಟ್ಟರೆ 'ಕುವೆಂಪು' ಎಂದು ಅರಸಿ ಬಂದ ಬಾಲಕ ಬರಿಗೈಯಲ್ಲಿ ಹಿಂದಿರುಗುವನು. ಒಂದರಿಂದ ಇನ್ನೊಂದಕ್ಕೆ ದಾರಿ ತೋರುವ ಚೀಟಿಯೊಂದಿದ್ದರೆ ಸಾಕು, ಖರ್ಚೇನೂ ಇಲ್ಲ. (ಅ. ನ. ಕೃ. ಅವರನ್ನು ಯಾವ ಅಕ್ಷರದಡಿ ಇಡಬೇಕೆಂಬುದು ಬೇರೆಯೇ ಚರ್ಚೆ!)

ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ಐದನೆಯ ಸೂತ್ರ. ಕನ್ನಡ ಪುಸ್ತಕದಂಗಡಿಯೇ ದೂರವಿರುವ ಗಡಿನಾಡಿನ ಶಾಲೆಯಲ್ಲಿ ಈ ಬೆಳವಣಿಗೆಗೆ ಹಳೆಯ ವಿದ್ಯಾರ್ಥಿಗಳ ಮನೆಗಳೇ ಆಕರ. ಅಟ್ಟದ ಮೇಲಿರುವ ಕೈಬರಹದ ಪತ್ರಿಕೆಗಳನ್ನೂ ಹಳೆಯ ಪಠ್ಯಪುಸ್ತಕಗಳನ್ನೂ, ಗೆದ್ದಲು ತಲುಪುವ ಮುನ್ನ, ಇಸವಿಯನ್ನು ಬರೆದು ಶಾಲೆಗೆ ಒಪ್ಪಿಸಬಹುದು.