ಹನ್ನೆರಡು ಕಿಟಕಿಯ ಕೌದಿ



ಹಳೇ ಸೀರೆ ಹರಿದರೆ ನಾವು ಏನು ಮಾಡುತ್ತೇವೆ? ನೆಲ ಒರೆಸುತ್ತೇವೆ. ಪಾತ್ರೆ ಇಳಿಸುವ ಮಸಿಬಟ್ಟೆ ಮಾಡುತ್ತೇವೆ. ಇಲ್ಲವೇ ಪಾತ್ರೆ ಮಾರುವವನಿಗೆ ಕೊಟ್ಟು ಒಂದು ಡಬರಿ ತೆಗೆದುಕೊಳ್ಳುತ್ತೇವೆ.

ನಾವು ಹಲಸೂರಿನಲ್ಲಿ ಓದು ಬರಹ ಕಲಿಯುವ ಹೆಂಗಸರು. ಮಧ್ಯಾಹ್ನ ಮೂರಕ್ಕೆ ಸೇರುತ್ತೇವೆ. ಐದಕ್ಕೆ ಮನೆಗೆ ಹೋಗುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದಾರೆ. ಊರು ರಾಯಚೂರು ಕಡೆ. ನಾವೆಲ್ಲ ಅವರನ್ನು ಅವ್ವ ಅಂತ ಕರೆಯುತ್ತೇವೆ. ಒಂದು ದಿನ ನಾವು ಹಲಗೆ ಒರೆಸಲು ಹಳೇ ಸೀರೆ ಹರಿಯುತ್ತಿದ್ದೆವು. ಅವ್ವ ತಡೆದರು.

“ಹರೀಬ್ಯಾಡ್ರವ್ವಾ. ಹಳೇ ಸೀರಿ ಅಂದ್ರ ಅರ್ಧ ಕೌದಿ” ಅಂದರು.

ಆ ಮಾತಿನಿಂದ ಈ ಪಾಠ ಹುಟ್ಟಿತು.

ಕೌದಿ ನಮ್ಮ ನಾಡಿನದು

ಧಾರವಾಡ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆ ಕೌದಿ ಎಲ್ಲರಿಗೂ ಗೊತ್ತು. ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೆ ಒಂದು ಇಟ್ಟು ಹೊಲಿದ ಹೊದಿಕೆ ಅದು. ಹಳೇ ಹತ್ತಿ ಬಟ್ಟೆ ಮೆತ್ತಗಿರುತ್ತದೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಅದಕ್ಕೇ ಕೌದಿ ಬೆಚ್ಚಗೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಸಿದ್ದಿ ಹೆಂಗಸರ ಕೌದಿ ದೇಶ ವಿದೇಶದಲ್ಲಿ ಹೆಸರಾಗಿದೆ. ಅವರು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಿಚಿ ಹೂವು ಇಡುತ್ತಾರೆ. ಬಂಗಾಳದಲ್ಲಿ ಇಂಥ ಹೊಲಿಗೆಗೆ ಕಾಂಥಾ ಅನ್ನುತ್ತಾರೆ. ಬಿಹಾರದಲ್ಲಿ ಸುಜನಿ. ನಮ್ಮ ಶಿವಾಜಿನಗರದ ಅಕ್ಕಂದಿರು ಗುದಡಿ ಅನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ.

ಕಿಟಕಿ ಹೇಗೆ ಬಂತು?

ಅವ್ವನ ಮಗ, ಸೊಸೆ ಕೆ.ಆರ್. ಪುರದ ಹತ್ತಿರ ಕಟ್ಟಡದ ಕೆಲಸ ಮಾಡುತ್ತಾರೆ. ಕಟ್ಟುವುದು ಹತ್ತಾರು ಅಂತಸ್ತಿನ ಮನೆ. ಇರುವುದು ತಗಡಿನ ಶೆಡ್ಡು. ಅವ್ವನಿಗೆ ನಾಲ್ಕು ವರ್ಷದ ಮೊಮ್ಮಗಳು ಇದ್ದಾಳೆ. ಅವಳಿಗೊಂದು ಕೌದಿ ಬೇಕಿತ್ತು.

ನಮ್ಮಲ್ಲಿ ಒಬ್ಬಳು ಟೈಲರ್ ಅಂಗಡಿಯಲ್ಲಿ ಕೆಲಸ ಮಾಡಿದವಳು. ಅವಳು ಹೇಳಿದಳು: “ಅವ್ವಾ, ಕಿಟಕಿ ಕೌದಿ ಮಾಡೋಣ. ಒಂದು ದೊಡ್ಡ ಚಿತ್ರ ಅಚ್ಚಾದ ಬಟ್ಟೆ ತರೋಣ. ಅದನ್ನು ಚೌಕ ಚೌಕ ಕತ್ತರಿಸೋಣ. ನಡುವೆ ಪಟ್ಟಿ ಕೊಡೋಣ. ಕಿಟಕಿಯಿಂದ ತೋಟ ನೋಡಿದ ಹಾಗೆ ಕಾಣುತ್ತೆ.”

ಅವ್ವ ನಕ್ಕರು. “ನಮ್ಮ ಶೆಡ್ಡಿಗೆ ಒಂದೂ ಕಿಟಕಿ ಇಲ್ಲವಾ. ಕೌದಿಗರ ಹನ್ನೆರಡು ಇರ್ಲಿ” ಅಂದರು.

ಚಿತ್ರ ಕತ್ತರಿಸಿದರೆ ಹಾಳಾಗುವುದಿಲ್ಲವೇ? ಇಲ್ಲ. ಕಿಟಕಿಯ ಸರಳಿನ ಆಚೆ ಮರ ನೋಡುತ್ತೇವೆ. ಸರಳು ಅಡ್ಡ ಬಂದರೂ ಮರ ತುಂಡಾಗಿ ಕಾಣುವುದಿಲ್ಲ. ನಮ್ಮ ಕಣ್ಣು ಜೋಡಿಸಿಕೊಳ್ಳುತ್ತದೆ. ಇಲ್ಲಿಯೂ ಹಾಗೇ.

ಇನ್ನೊಂದು ಗುಟ್ಟು ಇದೆ. ದಪ್ಪ ಗೋಡೆಯ ಕಿಟಕಿ ನೋಡಿ. ಬಿಸಿಲು ಎಡಗಡೆ ಮೇಲಿನಿಂದ ಬಂದರೆ ಎಡ ಗೋಡೆಯ ಒಳಬದಿ ನೆರಳಲ್ಲಿ ಇರುತ್ತದೆ. ಕೆಳಗಿನ ಕಟ್ಟೆಯ ಮೇಲೆ ಬೆಳಕು ಬೀಳುತ್ತದೆ. ಅದಕ್ಕೇ ಪ್ರತಿ ಚೌಕದ ಎಡಕ್ಕೆ ಕಡುಬಣ್ಣದ ಪಟ್ಟಿ, ಕೆಳಗೆ ತಿಳಿಬಣ್ಣದ ಪಟ್ಟಿ. ಆಗ ಚಿತ್ರ ಒಳಗೆ, ದೂರದಲ್ಲಿ ಇದ್ದ ಹಾಗೆ ಕಾಣುತ್ತದೆ.

ಬಟ್ಟೆ ತರೋಣ

ಬಟ್ಟೆ ಅಂದರೆ ಶಿವಾಜಿನಗರ. 1809ರಲ್ಲಿ ಬ್ರಿಟಿಷರು ಈ ಕಡೆ ತಮ್ಮ ದಂಡು ಇಳಿಸಿದರು. ಅದಕ್ಕೇ ಈ ಭಾಗಕ್ಕೆ ದಂಡು ಅಂತ ಹೆಸರು. ಕಮರ್ಷಿಯಲ್ ಸ್ಟ್ರೀಟಿನಲ್ಲೂ ಸುತ್ತಲಿನ ಗಲ್ಲಿಗಳಲ್ಲೂ ಬಟ್ಟೆ, ದಾರ, ಗುಂಡಿ ಎಲ್ಲ ಸಿಗುತ್ತದೆ. ನಾವು ಬಸ್ಸಿನಲ್ಲಿ ಹೋದೆವು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ನಮಗೆ ಬಸ್ಸಿನ ಖರ್ಚು ಬರಲಿಲ್ಲ.

ಮರದ ಮೇಲೆ ನವಿಲು ಕೂತಿರುವ ಒಂದು ಚಿತ್ರದ ಬಟ್ಟೆ ಸಿಕ್ಕಿತು. ಮನೆಗೆ ತಂದು ಮೊದಲು ಒಗೆದೆವು. ಯಾಕೆ? ಹೊಸ ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಕಡುಬಣ್ಣ ಬಿಡುತ್ತದೆ. ಕೌದಿ ಹೊಲಿದ ಮೇಲೆ ಬಣ್ಣ ಬಿಟ್ಟರೆ ಏನೂ ಮಾಡಲಾಗದು. ಆದ್ದರಿಂದ ಪ್ರತಿ ಬಣ್ಣವನ್ನೂ ಬೇರೆ ಬೇರೆ ನೆನೆಸಿ. ನೀರು ತಿಳಿಯಾಗುವವರೆಗೂ ಒಗೆಯಿರಿ. ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಅಳೆಯಿರಿ.

ನಮಗೆ ಬೇಕಾದದ್ದು ಇಷ್ಟು:

ಚಿತ್ರದ ಬಟ್ಟೆ: 27 ಇಂಚು ಅಗಲ, 36 ಇಂಚು ಉದ್ದ.
ಕಡುಬಣ್ಣದ ಬಟ್ಟೆ: ಮುಕ್ಕಾಲು ಮೀಟರ್. ಅಗಲ 44 ಇಂಚು.
ತಿಳಿಬಣ್ಣದ ಬಟ್ಟೆ: ಅರ್ಧ ಮೀಟರ್. ಅಗಲ 44 ಇಂಚು.
ಹಳೇ ಹತ್ತಿ ಸೀರೆ: ಎರಡು.
ದಾರ, ಸೂಜಿ, ಗುಂಡುಪಿನ್ನು, ಸೀಮೆಸುಣ್ಣ, ಕತ್ತರಿ, ಅಳತೆ ಟೇಪು.

ತಿಳಿಬಣ್ಣದ ಪಟ್ಟಿಗಳಿಗೆ 10 ಇಂಚು ಬಟ್ಟೆ ಸಾಕು. ಹಾಗಾದರೆ ಕಾಲು ಮೀಟರ್ ತರಬಹುದಲ್ಲ? ಬೇಡ. 1 ಮೀಟರ್ ಅಂದರೆ 39 ಇಂಚು, ಮೇಲೆ ಸ್ವಲ್ಪ. ಕಾಲು ಮೀಟರ್ 10 ಇಂಚಿಗೆ ಚೂರು ಕಡಿಮೆ. ಒಗೆದರೆ ಇನ್ನೂ ಕುಗ್ಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಎರಡನೇ ಸಲ ಅಂಗಡಿಗೆ ಅಲೆಯುವುದು ತಪ್ಪುತ್ತದೆ.

ಟೇಪು ಓದೋಣ

ಟೇಪಿಗೆ ಎರಡು ಮುಖ. ಒಂದರ ಮೇಲೆ ಇಂಚು, ಇನ್ನೊಂದರ ಮೇಲೆ ಸೆಂಟಿಮೀಟರ್. ನಮ್ಮಲ್ಲಿ ಒಬ್ಬಳು ಸೆಂಟಿಮೀಟರ್ ಕಡೆ ನೋಡಿ 9 ಅಂತ ಕತ್ತರಿಸಿಬಿಟ್ಟಳು. ಚೌಕ ಅಂಗೈಗಿಂತ ಸಣ್ಣದಾಯಿತು! ಪುಣ್ಯಕ್ಕೆ ಅದು ಹಳೇ ಬಟ್ಟೆ. ಅಂದಿನಿಂದ ನಾವು ಮೊದಲು ಹಳೇ ಬಟ್ಟೆಯ ಮೇಲೆ ಅಭ್ಯಾಸ ಮಾಡುತ್ತೇವೆ. ನಿಮ್ಮ ಟೇಪಿನಲ್ಲಿ ಇಂಚಿನ ಕಡೆಗೆ ಒಂದು ಬಣ್ಣದ ಗುರುತು ಹಾಕಿಕೊಳ್ಳಿ.

ಕತ್ತರಿಸೋಣ, ಸಂಖ್ಯೆ ಹಾಕೋಣ

ಚಿತ್ರದ ಬಟ್ಟೆಯ ಮೇಲೆ 9 ಇಂಚಿಗೊಂದು ಗೆರೆ ಎಳೆಯಿರಿ. ಅಡ್ಡಕ್ಕೆ 3 ಚೌಕ, ಉದ್ದಕ್ಕೆ 4 ಚೌಕ. ಒಟ್ಟು 12. ಕತ್ತರಿಸುವ ಮೊದಲು ನೋಡಿ: ನವಿಲಿನ ಕಣ್ಣು ಗೆರೆಯ ಮೇಲೆ ಬಂದಿದೆಯೇ? ಬಂದಿದ್ದರೆ ಗೆರೆಗಳನ್ನು ಸ್ವಲ್ಪ ಸರಿಸಿ. ಹೊಲಿಗೆಯಲ್ಲಿ ಕಾಲು ಇಂಚು ಒಳಗೆ ಹೋಗುತ್ತದೆ. ಕಣ್ಣು ಮುಚ್ಚಿಹೋಗಬಾರದು.

ಈಗ ಮುಖ್ಯ ಕೆಲಸ. 12 ಚೀಟಿ ಮಾಡಿ. 1ರಿಂದ 12ರವರೆಗೆ ಬರೆಯಿರಿ. ಮೇಲಿನ ಸಾಲಿಗೆ 1, 2, 3. ಎರಡನೇ ಸಾಲಿಗೆ 4, 5, 6. ಮೂರನೆಯದಕ್ಕೆ 7, 8, 9. ಕೊನೆಗೆ 10, 11, 12. ಪ್ರತಿ ಚೌಕದ ಮೇಲಂಚಿಗೆ ಅದರ ಚೀಟಿ ಪಿನ್ನು ಮಾಡಿ. ಆಗ ತಲೆ ಯಾವುದು, ಕಾಲು ಯಾವುದು ಗೊತ್ತಾಗುತ್ತದೆ.

ನಾವು ಮೊದಲ ಸಲ ಚೀಟಿ ಹಾಕಲಿಲ್ಲ. ಗಾಳಿ ಬಂತು, ಚೌಕಗಳು ಕಲೆತವು. ಎಲೆಗಳೆಲ್ಲ ಒಂದೇ ಥರ ಕಂಡವು. ನವಿಲಿನ ಬಾಲ ಮರದ ತುದಿಗೆ ಹೋಗಿ ಕೂತಿತು! ಮೂರು ದಿನದ ಹೊಲಿಗೆ ಬಿಚ್ಚಿದೆವು. ಆ ದಿನ ಅವ್ವ ತಾವಾಗಿಯೇ ಸ್ಲೇಟು ತೆಗೆದುಕೊಂಡರು. 1ರಿಂದ 12ರವರೆಗೆ ತಿದ್ದಿದರು. ಚೀಟಿಗಳನ್ನು ಅವರೇ ಬರೆದರು.

ಪಟ್ಟಿಗಳು ಹೀಗೆ: ಅಗಲ ಎರಡೂವರೆ ಇಂಚು, ಉದ್ದ ಹನ್ನೊಂದೂವರೆ ಇಂಚು. ಕಡುಬಣ್ಣದ್ದು 12, ತಿಳಿಬಣ್ಣದ್ದು 12. ಕಡುಬಣ್ಣದ ಉಳಿದ ಬಟ್ಟೆಯಲ್ಲಿ ಸುತ್ತಿನ ಚೌಕಟ್ಟಿಗೆ ಎರಡೂವರೆ ಇಂಚು ಅಗಲದ ನಾಲ್ಕು ಉದ್ದ ಪಟ್ಟಿ ತೆಗೆದಿಡಿ.

ಒಂದು ಕಿಟಕಿ ಹೊಲಿಯೋಣ

1. ಚೌಕದ ಎಡ ಅಂಚಿಗೆ ಕಡುಬಣ್ಣದ ಪಟ್ಟಿ ಇಡಿ. ಎರಡರ ಚಂದದ ಮುಖಗಳೂ ಒಳಗೆ ಇರಲಿ. ಮೇಲಿನ ತುದಿ ಸಮ ಇರಲಿ. ಪಟ್ಟಿ ಕೆಳಗೆ ಉದ್ದ ಉಳಿಯುತ್ತದೆ, ಉಳಿಯಲಿ.

2. ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯಿರಿ. ಚೌಕದ ಕೆಳಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ಗಂಟು ಹಾಕಿ.

3. ಕೆಳ ಅಂಚಿಗೆ ತಿಳಿಬಣ್ಣದ ಪಟ್ಟಿ ಇಡಿ. ಬಲತುದಿ ಸಮ ಇರಲಿ. ಬಲದಿಂದ ಹೊಲಿಯುತ್ತಾ ಬನ್ನಿ. ಮೊದಲ ಗಂಟಿನ ಹತ್ತಿರ ನಿಲ್ಲಿಸಿ.

4. ಈಗ ಚೌಕವನ್ನು ಮೂಲೆಯಿಂದ ಮೂಲೆಗೆ, ಸಮೋಸದ ಹಾಗೆ ಮಡಿಚಿ. ಮಡಿಕೆ ಮೇಲಿನ ಬಲಮೂಲೆಯಿಂದ ಕೆಳಗಿನ ಎಡಮೂಲೆಗೆ ಬರಲಿ. ಎರಡು ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ.

5. ಮಡಿಕೆಯ ಗೆರೆಯನ್ನೇ ಪಟ್ಟಿಯ ಮೇಲೆ ಮುಂದುವರಿಸಿ ಓರೆ ಗೆರೆ ಎಳೆಯಿರಿ. ಗಂಟಿನಿಂದ ಹೊರ ಅಂಚಿನವರೆಗೆ ಅದರ ಮೇಲೆ ಹೊಲಿಯಿರಿ. ಹೆಚ್ಚಾದ ಬಟ್ಟೆ ಕತ್ತರಿಸಿ, ಬಿಡಿಸಿ ನೋಡಿ. ಕಿಟಕಿಯ ಮೂಲೆ ಕಾಣುತ್ತದೆ.

ಪ್ರತಿ ಕಿಟಕಿಯೂ 11 ಇಂಚು ಅಗಲ, 11 ಇಂಚು ಉದ್ದ ಇರಬೇಕು. ಎಲ್ಲದರಲ್ಲೂ ಕಡುಬಣ್ಣ ಎಡಕ್ಕೇ, ತಿಳಿಬಣ್ಣ ಕೆಳಕ್ಕೇ ಬರಬೇಕು. ಒಂದು ತಿರುಗಿದರೂ ಕಿಟಕಿ ಮಾಯ. ಬರೀ ಪಟ್ಟೆ ಕಾಣುತ್ತದೆ.

ಜೋಡಿಸೋಣ

ಚೀಟಿ ನೋಡಿಕೊಂಡು ಮೂರು ಮೂರು ಕಿಟಕಿ ಸೇರಿಸಿ. ನಾಲ್ಕು ಸಾಲಾಗುತ್ತದೆ. ಸಾಲುಗಳನ್ನು ಸೇರಿಸಿ. ಆಮೇಲೆ ಎರಡು ಪಕ್ಕಕ್ಕೂ ಚೌಕಟ್ಟಿನ ಪಟ್ಟಿ ಹೊಲಿಯಿರಿ. ಕೊನೆಗೆ ಮೇಲೆ, ಕೆಳಗೆ ಹೊಲಿಯಿರಿ. ಈಗ ಮೇಲುಬಟ್ಟೆ 36 ಇಂಚು ಅಗಲ, ನಲವತ್ತಾರೂವರೆ ಇಂಚು ಉದ್ದ.

ಒಂದು ಹಳೇ ಸೀರೆಯಲ್ಲಿ ಕೆಳಬಟ್ಟೆ ತೆಗೆಯಿರಿ. ಅದು ನಾಲ್ಕೂ ಕಡೆ ಒಂದೊಂದು ಇಂಚು ದೊಡ್ಡದಿರಲಿ. ಇನ್ನೊಂದು ಸೀರೆಯಲ್ಲಿ ನಡುವಿನ ಪದರ ತೆಗೆಯಿರಿ. ಎರಡು ಪದರ ಸಾಕು. ಎಲ್ಲವನ್ನೂ ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ.

ಕೌದಿಯನ್ನು ಅಂಚಿನಿಂದ ಒಳಗೆ ಹೊಲಿಯುವುದು ಹಳೇ ಪದ್ಧತಿ. ಅಲ್ಲಿ ತುಂಡುಗಳನ್ನು ಇಡುತ್ತಲೇ ಹೊಲಿಯುತ್ತಾರೆ. ಇಲ್ಲಿ ಮೇಲುಬಟ್ಟೆ ಆಗಲೇ ಜೋಡಿಯಾಗಿದೆ. ಆದ್ದರಿಂದ ನಾವು ನಡುವಿನಿಂದ ಹೊರಗೆ ಹೊಲಿದೆವು. ಆಗ ಸುಕ್ಕು ಅಂಚಿಗೆ ಹೋಗುತ್ತದೆ. ಪ್ರತಿ ಕಿಟಕಿಯ ಸುತ್ತ ಸಣ್ಣ ಸಣ್ಣ ಹೊಲಿಗೆ ಹಾಕಿ. ಚಿತ್ರದ ಒಳಗೂ ಅಲ್ಲಲ್ಲಿ ಸಾಲು ಹಾಕಿ. ಕೊನೆಗೆ ಕೆಳಬಟ್ಟೆಯ ಅಂಚನ್ನು ಎರಡು ಸಲ ಮಡಿಚಿ ಮೇಲಕ್ಕೆ ತಂದು ಹೊಲಿಯಿರಿ. ಕಚ್ಚಾ ಹೊಲಿಗೆ ತೆಗೆಯಿರಿ. ಸೂಜಿ, ಪಿನ್ನು ಎಣಿಸಿ. ಒಂದೂ ಕೌದಿಯಲ್ಲಿ ಉಳಿಯಬಾರದು.

ಒಂದು ಎಚ್ಚರ: ವರ್ಷ ತುಂಬದ ಕೂಸು ಮಲಗಿದಾಗ ಕೌದಿ ಹೊದಿಸಬೇಡಿ. ಮುಖ ಮುಚ್ಚಿ ಉಸಿರು ಕಟ್ಟಬಹುದು.

ಲೆಕ್ಕ ಬರೆಯೋಣ

ಕೌದಿ ಮುಗಿಯಿತು. ಒಬ್ಬ ವ್ಯಾಪಾರಿ ನೋಡಿದ. “600 ರೂಪಾಯಿ ಕೊಡ್ತೀನಿ” ಅಂದ. ನಮಗೆಲ್ಲ ಖುಷಿಯಾಯಿತು. ಅವ್ವ ಮಾತ್ರ “ಮೊದ್ಲು ಲೆಕ್ಕಾ ಬರೀರಿ” ಅಂದರು. ಬರೆದೆವು.

ಚಿತ್ರದ ಬಟ್ಟೆ: 180 ರೂಪಾಯಿ
ಕಡುಬಣ್ಣದ ಬಟ್ಟೆ: 90 ರೂಪಾಯಿ
ತಿಳಿಬಣ್ಣದ ಬಟ್ಟೆ: 60 ರೂಪಾಯಿ
ದಾರ, ಸೂಜಿ, ಪಿನ್ನು: 40 ರೂಪಾಯಿ
ಒಟ್ಟು: 370 ರೂಪಾಯಿ

600ರಲ್ಲಿ 370 ಕಳೆದರೆ 230 ಉಳಿಯಿತು. ಹೊಲಿಯಲು ಹಿಡಿದದ್ದು 40 ಗಂಟೆ. ಬಿಚ್ಚಿ ಹೊಲಿದದ್ದನ್ನು ಬಿಟ್ಟೇ 40. ಅಂದರೆ ಗಂಟೆಗೆ ಐದೂಮುಕ್ಕಾಲು ರೂಪಾಯಿ! ಒಂದು ಲೋಟ ಟೀಗೂ ಸಾಲದು.

ನಾವು ಸುಮ್ಮನಾದೆವು. ಇಷ್ಟು ವರ್ಷ ಎಷ್ಟು ಹೊಲಿಗೆ, ಎಷ್ಟು ಹೂವು ಕಟ್ಟುವ ಕೆಲಸ, ಎಷ್ಟು ಅಗರಬತ್ತಿ ಹೊಸೆದದ್ದು! ಯಾವುದಕ್ಕೂ ನಾವು ಗಂಟೆ ಬರೆದಿರಲಿಲ್ಲ. ಬಟ್ಟೆಗೆ ಬೆಲೆ ಇತ್ತು. ದಾರಕ್ಕೆ ಬೆಲೆ ಇತ್ತು. ನಮ್ಮ ಕೈಗೆ ಮಾತ್ರ ಬೆಲೆ ಇರಲಿಲ್ಲ.

ಆ ಕೌದಿಯನ್ನು ಅವ್ವ ಮಾರಲಿಲ್ಲ. ಅದು ಮೊಮ್ಮಗಳಿಗೆ ಹೋಯಿತು. ಇಂದಿರಾನಗರದ ಒಂದು ಮನೆಯವರು ಅಂಥದ್ದೇ ಇನ್ನೊಂದು ಕೇಳಿದರು. ಗಂಟೆಗೆ 40 ರೂಪಾಯಿ ಹಾಕಿ, ಬಟ್ಟೆಯ ಖರ್ಚು ಸೇರಿಸಿ, 1,970 ಅಂತ ಬರೆದು ತೋರಿಸಿದೆವು. ಚೌಕಾಸಿ ಮಾಡಿ 1,800 ಕೊಟ್ಟರು. ಲೆಕ್ಕದ ಚೀಟಿ ಕೈಯಲ್ಲಿ ಇದ್ದದ್ದರಿಂದ ನಾವು ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಅವ್ವ ತಮ್ಮ ಕೌದಿಯ ಹಿಂದೆ, ಮೂಲೆಯಲ್ಲಿ, ಕೆಂಪು ದಾರದಿಂದ ತಮ್ಮ ಹೆಸರು ಹೊಲಿದರು. ಕೆಳಗೆ ವರ್ಷ ಹಾಕಿದರು. “ನಮ್ಮವ್ವ ಐವತ್ತು ಕೌದಿ ಹೊಲಿದ್ಲು. ಒಂದರ ಮ್ಯಾಲೂ ಆಕಿ ಹೆಸರಿಲ್ಲ” ಅಂದರು. ಅಕ್ಷರ ಸ್ವಲ್ಪ ಸೊಟ್ಟಗಿದೆ. ಆದರೂ ಎಲ್ಲರೂ ಓದಬಹುದು.

ನೀವೇ ಮಾಡಿ ನೋಡಿ

1. ನಿಮ್ಮ ಊರಿನಲ್ಲಿ ಕೌದಿಗೆ ಏನನ್ನುತ್ತಾರೆ? ಬರೆಯಿರಿ.
2. 1,800 ರೂಪಾಯಿಯಲ್ಲಿ 370 ಕಳೆಯಿರಿ. ಉಳಿದದ್ದನ್ನು 40ರಿಂದ ಭಾಗಿಸಿ. ಗಂಟೆಗೆ ಎಷ್ಟು ಬಂತು?
3. ಈ ವಾರ ನೀವು ಸಂಪಾದನೆಗೆ ಮಾಡಿದ ಒಂದು ಕೆಲಸದ ಹೆಸರು ಬರೆಯಿರಿ. ಎಷ್ಟು ಗಂಟೆ ಹಿಡಿಯಿತು? ಎಷ್ಟು ಹಣ ಬಂತು?
4. ಒಂದು ತುಂಡು ಬಟ್ಟೆಯ ಮೇಲೆ ನಿಮ್ಮ ಹೆಸರನ್ನು ದಾರದಿಂದ ಹೊಲಿಯಿರಿ.